ವ್ಯಾಪಾರ ಇದ್ದರೆ ಯುದ್ಧ ಇಲ್ಲವಾ? ಉತ್ತರ ಕನ್ನಡದಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಕಾರವಾರದ ಕಾಲೇಜು ಹುಡುಗರು, ಶಿರಸಿಯ ಅಡಿಕೆ ಬೆಳೆಗಾರರು, ಭಟ್ಕಳ ಹೊನ್ನಾವರದ ಕಡೆಯವರು ಮಾತಿಗೆ ಕೂತಾಗ ಕೆಲವು ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ. ಪತ್ರಗಳಲ್ಲೂ ಅವೇ. ಕೇಳಿದವರ ಮಾತಿನಲ್ಲೇ ಅವನ್ನು ಇಲ್ಲಿ ಇಟ್ಟಿದ್ದೇನೆ. ಸುಲಭದ್ದು ಮೊದಲು, ತೊಡಕಿನದ್ದು ಆಮೇಲೆ. ಬೇಕಾದ ಪ್ರಶ್ನೆಯನ್ನು ನೇರವಾಗಿ ಓದಬಹುದು.

## ಮೊದಲಿಗೆ

ವ್ಯಾಪಾರ ಜಾಸ್ತಿ ಆದರೆ ಯುದ್ಧ ಕಡಿಮೆ ಆಗುತ್ತೆ ಅಂತಾರೆ. ನಿಜಾನಾ?

ಅರ್ಧ ನಿಜ. ಈ ಮಾತು ಹಳೆಯದು. ಪರಸ್ಪರ ಕೊಡುಕೊಳ್ಳುವ ದೇಶಗಳು ಒಂದನ್ನೊಂದು ನೆಚ್ಚಿಕೊಳ್ಳುತ್ತವೆ, ಹಾಗಾಗಿ ಶಾಂತಿಯ ಕಡೆ ವಾಲುತ್ತವೆ ಎಂದು ಫ್ರಾನ್ಸಿನ ಮಾಂಟೆಸ್ಕ್ಯೂ 18ನೇ ಶತಮಾನದಲ್ಲೇ ಹೇಳಿದ್ದ. ಜರ್ಮನಿಯ ಕಾಂಟ್, ಇಂಗ್ಲೆಂಡಿನ ಕಾಬ್ಡೆನ್ ಅದನ್ನು ಮುಂದುವರಿಸಿದರು. ತರ್ಕ ಸರಳ. ಗಿರಾಕಿಯ ತಲೆ ಒಡೆದರೆ ಅಂಗಡಿಯವನಿಗೂ ನಷ್ಟ.

ತೊಡಕು ಇರುವುದು ಬೇರೆ ಕಡೆ. ದೇಶವೆಂದರೆ ಒಬ್ಬ ಅಂಗಡಿಯವನಲ್ಲ. ಯುದ್ಧದಿಂದ ನಷ್ಟ ಆಗುವವರು ಒಬ್ಬರು, ಯುದ್ಧ ಬೇಕೋ ಬೇಡವೋ ಎಂದು ತೀರ್ಮಾನ ಮಾಡುವವರು ಇನ್ನೊಬ್ಬರು. ವ್ಯಾಪಾರ ಯುದ್ಧವನ್ನು ದುಬಾರಿ ಮಾಡುತ್ತದೆ, ಅನುಮಾನವಿಲ್ಲ. ಆದರೆ ಆ ಖರ್ಚಿನ ಬಿಲ್ ತೀರ್ಮಾನ ಮಾಡುವವರ ಕೈಗೆ ಬರದಿದ್ದರೆ ಅದರಿಂದ ಹೆಚ್ಚೇನೂ ತಡೆಯಲಾಗುವುದಿಲ್ಲ.

1914ರಲ್ಲಿ ಯುರೋಪಿನವರೆಲ್ಲ ವ್ಯಾಪಾರ ಮಾಡ್ತಾನೇ ಇದ್ರಲ್ಲ, ಆಗ ಯಾಕೆ ಹೊಡೆದಾಡಿದ್ರು?

ಹೌದು, ಬ್ರಿಟನ್ ಮತ್ತು ಜರ್ಮನಿ ಆಗ ಒಂದಕ್ಕೊಂದು ದೊಡ್ಡ ಗಿರಾಕಿಗಳು. ಯುದ್ಧ ಗೆದ್ದರೂ ಲಾಭವಿಲ್ಲ ಎಂದು ಆಗಿನ್ನೂ ಯುದ್ಧ ಶುರುವಾಗುವ ಮೊದಲೇ ವಾದಿಸಿದವನು ನಾರ್ಮನ್ ಏಂಜೆಲ್ ಎಂಬ ಇಂಗ್ಲಿಷ್ ಪತ್ರಕರ್ತ. ಅವನು ಯುದ್ಧ ಆಗುವುದೇ ಇಲ್ಲ ಎಂದ, ಸುಳ್ಳಾಯಿತು ಎಂದು ಇವತ್ತಿಗೂ ಗೇಲಿ ಮಾಡುತ್ತಾರೆ. ಅವನು ಹೇಳಿದ್ದು ಹಾಗಲ್ಲ. ಗೆದ್ದವನೂ ಬಡವನಾಗುತ್ತಾನೆ ಎಂದ. ಅದು ಅಕ್ಷರಶಃ ನಿಜವಾಯಿತು. ಬ್ರಿಟನ್ ಗೆದ್ದು ಅಮೆರಿಕಕ್ಕೆ ಸಾಲಗಾರನಾಯಿತು. 1933ರ ನೊಬೆಲ್ ಶಾಂತಿ ಪ್ರಶಸ್ತಿ ಏಂಜೆಲ್‌ಗೆ ಸಿಕ್ಕಿತು, ಎರಡನೇ ಮಹಾಯುದ್ಧಕ್ಕೆ ಕೆಲವೇ ವರ್ಷ ಮೊದಲು.

ಲೆಕ್ಕ ಸರಿ ಇದ್ದರೂ ಲೆಕ್ಕ ಕೇಳುವವರು ಇರಬೇಕು. 1914ರ ಬೇಸಿಗೆಯಲ್ಲಿ ಬರ್ಲಿನ್, ವಿಯೆನ್ನಾ, ಪೀಟರ್ಸ್‌ಬರ್ಗ್‌ಗಳಲ್ಲಿ ತೀರ್ಮಾನ ಆದದ್ದು ಅರಸರು ಮತ್ತು ಸೇನಾಧಿಕಾರಿಗಳ ಕೋಣೆಯಲ್ಲಿ. ವರ್ತಕರನ್ನು ಯಾರೂ ಕೇಳಲಿಲ್ಲ.

ನಮ್ಮ ಕರಾವಳಿಗೆ ವ್ಯಾಪಾರದ ಜೊತೆಗೇ ಫಿರಂಗಿ ಬಂತಲ್ಲ ಸರ್? ಮತ್ತೆ ವ್ಯಾಪಾರದಿಂದ ಶಾಂತಿ ಅಂತ ಹೆಂಗೆ ಹೇಳ್ತೀರಿ?

ಬಹಳ ಒಳ್ಳೆಯ ಪ್ರಶ್ನೆ. ಕಾರವಾರದ ಹುಡುಗರೇ ಇದನ್ನು ಕೇಳಬೇಕು.

1498ರಲ್ಲಿ ವಾಸ್ಕೋ ಡ ಗಾಮ ಕೋಳಿಕ್ಕೋಡಿನಿಂದ ಮರಳುವಾಗ ನಿಂತದ್ದು ಕಾರವಾರದ ಎದುರಿನ ಅಂಜುದೀವ್ ದ್ವೀಪದಲ್ಲಿ. 1505ರಲ್ಲಿ ಪೋರ್ಚುಗೀಸ್ ವೈಸ್‌ರಾಯ್ ಅಲ್ಮೇಡ ಅದೇ ದ್ವೀಪದಲ್ಲಿ ಕೋಟೆ ಕಟ್ಟಲು ಶುರು ಮಾಡಿದ. ಅದೇ ವರ್ಷ ಹೊನ್ನಾವರದ ಮೇಲೆ ದಾಳಿ ಆಯಿತು. ಅವರಿಗೆ ಬೇಕಿದ್ದದ್ದು ಕಾಳುಮೆಣಸು. ಘಟ್ಟದ ಮೆಣಸು ಅದಕ್ಕೂ ನೂರಾರು ವರ್ಷ ಮೊದಲಿನಿಂದ ಅರಬ್ಬರ ಹಡಗುಗಳಲ್ಲಿ ಹೋಗುತ್ತಿತ್ತು, ಅರಬ್ ಕುದುರೆಗಳು ಭಟ್ಕಳ, ಹೊನ್ನಾವರದಲ್ಲಿ ಇಳಿದು ವಿಜಯನಗರಕ್ಕೆ ಹೋಗುತ್ತಿದ್ದವು.

ಪೋರ್ಚುಗೀಸರು ತಂದ ಹೊಸತು ಮೆಣಸಿನ ವ್ಯಾಪಾರವಲ್ಲ, ಕಾರ್ತಾಜ್ ಎಂಬ ಪರವಾನಗಿ ಚೀಟಿ. ಹಡಗಿನ ಒಡೆಯ ಯಾರು, ಎಲ್ಲಿಗೆ ಹೋಗುತ್ತದೆ, ಏನು ಹೊತ್ತಿದೆ ಎಲ್ಲ ಅದರಲ್ಲಿ ಬರೆದಿರುತ್ತಿತ್ತು. ಚೀಟಿಯ ಶುಲ್ಕ ದೊಡ್ಡದಲ್ಲ. ಆದರೆ ಅದನ್ನು ಪಡೆದವರು ಪೋರ್ಚುಗೀಸ್ ಬಂದರಿಗೆ ಹೋಗಿ ಸುಂಕ ಕಟ್ಟಬೇಕು. ಚೀಟಿ ಇಲ್ಲದ ಹಡಗನ್ನು ಸರಕು ಸಮೇತ ಹಿಡಿಯುತ್ತಿದ್ದರು. ಎಲ್ಲರೂ ಓಡಾಡುತ್ತಿದ್ದ ಸಮುದ್ರಕ್ಕೆ ಒಬ್ಬ ಮಾಲೀಕ ಹುಟ್ಟಿಕೊಂಡ.

ಇಲ್ಲಿಯವರೆಲ್ಲ ಸಾಧುಗಳು ಎಂದೇನೂ ಅಲ್ಲ. ಹೊನ್ನಾವರದ ತಿಮ್ಮಯ್ಯ (ಪೋರ್ಚುಗೀಸರ ಬಾಯಲ್ಲಿ ತಿಮೋಜ) ಸಮುದ್ರದಲ್ಲಿ ಹಡಗು ಲೂಟಿ ಮಾಡಿಯೇ ಹೆಸರಾದವನು. 1510ರಲ್ಲಿ ಗೋವಾ ಹಿಡಿಯಲು ಪೋರ್ಚುಗೀಸ್ ಗವರ್ನರ್ ಅಲ್ಬುಕರ್ಕ್‌ನನ್ನು ಹುರಿದುಂಬಿಸಿದವನೂ ಅವನೇ.

ಮುಂದೆ 1542ರಲ್ಲಿ ಪೋರ್ಚುಗೀಸರು ಭಟ್ಕಳವನ್ನು ಸುಟ್ಟರು. 1569ರಲ್ಲಿ ಹೊನ್ನಾವರದ ಕೋಟೆ ಹಿಡಿದರು. ಆಗ ಅದು ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯದು. ಅವಳನ್ನು ಮೆಣಸಿನ ರಾಣಿ ಎಂದು ಕರೆದವರೂ ಪೋರ್ಚುಗೀಸರೇ. ಅವಳ ಮೆಣಸನ್ನು ಕೊಂಡರು, ಅವಳ ಕೋಟೆಯ ಮೇಲೆ ಗುಂಡೂ ಹಾರಿಸಿದರು. ಅವರಿಗೆ ಇದರಲ್ಲಿ ವಿರೋಧಾಭಾಸ ಕಾಣಲಿಲ್ಲ. ಬೆಲೆ ಕೊಟ್ಟು ಕೊಳ್ಳುವುದಕ್ಕಿಂತ ಏಕಸ್ವಾಮ್ಯ ಹಿಡಿಯುವುದು ಅಗ್ಗ ಎನಿಸಿದಾಗ ವ್ಯಾಪಾರಿಯೇ ಫಿರಂಗಿ ತರುತ್ತಾನೆ. ಚೀನಾದ ಮೇಲೆ ಬ್ರಿಟನ್ ನಡೆಸಿದ ಅಫೀಮು ಯುದ್ಧ (1839–42) ಇದೇ ಜಾತಿಯದು.

ಗೋವಾದ ಪೋರ್ಚುಗೀಸರು ನಮ್ಮ ಅಕ್ಕಿ ತಿಂದೇ ಬದುಕಿದ್ದರಂತೆ, ಹೌದಾ?

ಬಹುಮಟ್ಟಿಗೆ ಹೌದು. ಕೆನರಾ ಕರಾವಳಿಯ ಅಕ್ಕಿ ಗೋವಾಕ್ಕೆ ಬೇಕೇ ಬೇಕಿತ್ತು. ಕೆಳದಿಯ ಶಿವಪ್ಪ ನಾಯಕ 1650ರ ದಶಕದಲ್ಲಿ ಅವರನ್ನು ಹೊನ್ನಾವರ, ಬಸರೂರು, ಮಂಗಳೂರಿನ ಕೋಟೆಗಳಿಂದ ಓಡಿಸಿದ. ಕೆಲವೇ ವರ್ಷಗಳಲ್ಲಿ ಎರಡೂ ಕಡೆಯವರು ಮತ್ತೆ ಒಪ್ಪಂದಕ್ಕೆ ಕೂತರು. ಗೋವಾಕ್ಕೆ ಅಕ್ಕಿ ಬೇಕು, ಕೆಳದಿಗೆ ಅಕ್ಕಿ ಮಾರಬೇಕು. ಒಬ್ಬರಿಗೊಬ್ಬರು ಸಮನಾಗಿ ಅಂಟಿಕೊಂಡಿದ್ದರೆ ಯುದ್ಧ ನಿಲ್ಲದೇ ಇರಬಹುದು, ಆದರೆ ಬೇಗ ಮುಗಿಯುತ್ತದೆ.

## ದೂರದ ಯುದ್ಧ, ಹತ್ತಿರದ ಸಂತೆ

ಅಮೆರಿಕದ ಅಂತರ್ಯುದ್ಧಕ್ಕೂ ಕಾರವಾರಕ್ಕೂ ಏನು ಸಂಬಂಧ ಮಾರಾಯ್ರೆ?

ಕಾರವಾರ ಜಿಲ್ಲಾ ಕೇಂದ್ರವಾಗಿ ಬೆಳೆದದ್ದರ ಹಿಂದೆ ಆ ಯುದ್ಧದ ಪಾಲು ದೊಡ್ಡದು.

ಮ್ಯಾಂಚೆಸ್ಟರ್ ಸುತ್ತಲಿನ ಗಿರಣಿಗಳು ಮುಕ್ಕಾಲು ಪಾಲಿಗೂ ಹೆಚ್ಚು ಹತ್ತಿಯನ್ನು ಅಮೆರಿಕದಿಂದ ತರಿಸುತ್ತಿದ್ದವು. 1861ರಲ್ಲಿ ಯುದ್ಧ ಶುರುವಾಗಿ ಉತ್ತರದ ನೌಕಾಪಡೆ ದಕ್ಷಿಣದ ಬಂದರುಗಳನ್ನು ಮುಚ್ಚಿತು. ಗಿರಣಿಗಳು ನಿಂತವು, ಕೆಲಸಗಾರರು ಉಪವಾಸ ಬಿದ್ದರು. ಎಲ್ಲರ ಕಣ್ಣು ಹಿಂದೂಸ್ತಾನದ ಹತ್ತಿಯ ಮೇಲೆ. ಧಾರವಾಡ, ಹುಬ್ಬಳ್ಳಿ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿಗೆ ಬರುತ್ತಿತ್ತು, ಅಲ್ಲಿಂದ ಮಚವೆಗಳಲ್ಲಿ ಮುಂಬಯಿಗೆ. ಒಂದು ಗಿಡ ಹತ್ತಿಯನ್ನೂ ಬೆಳೆಯದ ಕುಮಟಾದ ಹೆಸರಿನಲ್ಲಿ ಇಂಗ್ಲೆಂಡಿನ ಪೇಟೆಯಲ್ಲಿ ಒಂದು ಹತ್ತಿಯೇ ಮಾರಾಟವಾಗುತ್ತಿತ್ತು!

ಮ್ಯಾಂಚೆಸ್ಟರಿನ ವರ್ತಕರಿಗೆ ಇದಕ್ಕಿಂತ ಆಳವಾದ, ಮಳೆಗಾಲದಲ್ಲೂ ಆಸರೆ ಕೊಡುವ ಬಂದರು ಬೇಕಿತ್ತು. ಸದಾಶಿವಗಡ, ಕಾರವಾರದ ಕೊಲ್ಲಿ ಅವರ ಕಣ್ಣಿಗೆ ಬಿತ್ತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತ್ಯದಿಂದ ಕಿತ್ತು ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು. ಘಟ್ಟದ ರಸ್ತೆ, ಬಂದರು, ಕಚೇರಿಗಳ ಕೆಲಸ ಶುರುವಾಯಿತು.

1865ರಲ್ಲಿ ಅಮೆರಿಕದ ಯುದ್ಧ ಮುಗಿಯಿತು. ಹತ್ತಿ ಬೆಲೆ ಕುಸಿಯಿತು, ಮುಂಬಯಿಯ ದೊಡ್ಡ ದೊಡ್ಡ ಸಾಹುಕಾರರು ದಿವಾಳಿಯಾದರು. 1880ರ ದಶಕದ ಕೊನೆಗೆ ರೈಲು ಬಂದಾಗ ಅದು ಹುಬ್ಬಳ್ಳಿ ಕಡೆಯಿಂದ ಕಾರವಾರಕ್ಕೆ ಇಳಿಯಲಿಲ್ಲ, ಗೋವಾದ ಮುರ್ಮುಗೋವಾಕ್ಕೆ ಹೋಯಿತು. ಹುಬ್ಬಳ್ಳಿ–ಅಂಕೋಲಾ ರೈಲಿನ ಮಾತು ಈಗಲೂ ನಡೆಯುತ್ತಲೇ ಇದೆ. ಯುದ್ಧದ ಮೇಲೆ ನಿಂತ ವ್ಯಾಪಾರಕ್ಕೆ ಶಾಂತಿಯೇ ಹೊಡೆತ ಎಂದು ನಮ್ಮ ಜಿಲ್ಲೆಗೆ ಆಗಲೇ ಗೊತ್ತಾಗಿತ್ತು.

ಗಲ್ಫ್‌ನಲ್ಲಿ ಏನಾದರೂ ಆದ್ರೆ ಭಟ್ಕಳದವರಿಗೆ ನಿದ್ದೆ ಬರಲ್ಲ. ನಮಗೆ ಯಾಕೆ ಇಷ್ಟು ಏಟು?

ಯಾಕೆಂದರೆ ಅಲ್ಲಿಂದ ಬರುವುದು ಎಣ್ಣೆ ಮಾತ್ರ ಅಲ್ಲ, ಸಂಬಳವೂ. 1990ರ ಆಗಸ್ಟ್‌ನಲ್ಲಿ ಇರಾಕ್ ಕುವೈತನ್ನು ನುಂಗಿದಾಗ ಏರ್ ಇಂಡಿಯಾ 1 ಲಕ್ಷ 70 ಸಾವಿರಕ್ಕೂ ಹೆಚ್ಚು ಜನರನ್ನು ಮನೆಗೆ ತಂದಿತು. ಎಣ್ಣೆ ಬೆಲೆ ಏರಿತು, ಮನೆಗೆ ಬರುವ ಹಣ ನಿಂತಿತು. ಮೊದಲೇ ಸೊರಗಿದ್ದ ಭಾರತದ ವಿದೇಶಿ ವಿನಿಮಯಕ್ಕೆ ಇದು ಕೊನೆಯ ಏಟು. 1991ರಲ್ಲಿ ಸರ್ಕಾರ ಸುಮಾರು 47 ಟನ್ ಚಿನ್ನವನ್ನು ಅಡ ಇಡಬೇಕಾಯಿತು. ನಾವು ಆ ಯುದ್ಧದಲ್ಲಿ ಇರಲೇ ಇಲ್ಲ, ನೋಡಿ. ಜಗತ್ತಿನ ಎಣ್ಣೆಯ ಸುಮಾರು ಐದನೇ ಒಂದು ಪಾಲು ಹೋರ್ಮುಜ್ ಎಂಬ ಕಿರಿದಾದ ಜಲಸಂಧಿಯಿಂದ ಹಾದು ಬರುತ್ತದೆ. ಅಲ್ಲಿ ಗುಂಡು ಹಾರಿದರೆ ಇಲ್ಲಿ ಪರ್ಸಿನ್ ಮೀನುಗಾರಿಕೆ ಬೋಟಿನ ಡೀಸೆಲ್ ಲೆಕ್ಕ ತಪ್ಪುತ್ತದೆ.

ಉಕ್ರೇನ್‌ನಲ್ಲಿ ಯುದ್ಧ, ನಮ್ಮನೇಲಿ ಒಗ್ಗರಣೆ ಎಣ್ಣೆ ತುಟ್ಟಿ. ಇದ್ಯಾವ ನ್ಯಾಯ?

2022ಕ್ಕೆ ಮೊದಲು ಭಾರತ ತರಿಸುತ್ತಿದ್ದ ಸೂರ್ಯಕಾಂತಿ ಎಣ್ಣೆಯಲ್ಲಿ ಬಹುಪಾಲು ಉಕ್ರೇನಿನದು. ತೋಟಕ್ಕೆ ಹಾಕುವ ಪೊಟ್ಯಾಷ್‌ಗೆ ರಷ್ಯಾ, ಬೆಲಾರೂಸ್ ದೊಡ್ಡ ಮೂಲ. ಅಷ್ಟೇ ವಿಷಯ.

## ಸರಕು ನಿಲ್ಲಿಸಿ ಬಗ್ಗಿಸಬಹುದಾ?

ಗುಂಡು ಹಾರಿಸೋ ಬದಲು ಸಾಮಾನು ನಿಲ್ಲಿಸಿದ್ರೆ ಸಾಕಲ್ವಾ? ಗೋವಾಕ್ಕೆ ನೆಹರೂ ಅದನ್ನೇ ಮಾಡಿದ್ರಲ್ಲ?

ಮಾಡಿದ್ದು ಹೌದು. ಫಲ ಕೊಟ್ಟಿದ್ದು ಅನುಮಾನ.

1955ರ ಆಗಸ್ಟ್ 15ರಂದು ಗೋವಾದ ಗಡಿ ದಾಟಿದ ಸತ್ಯಾಗ್ರಹಿಗಳ ಮೇಲೆ ಪೋರ್ಚುಗೀಸರು ಗುಂಡು ಹಾರಿಸಿದರು. ಆಮೇಲೆ ಭಾರತ ಆರ್ಥಿಕ ದಿಗ್ಬಂಧನವನ್ನು ಬಿಗಿ ಮಾಡಿತು. ರೈಲು ನಿಂತಿತು, ಗಡಿ ಮುಚ್ಚಿತು. ಗಡಿಯ ಮಾಜಾಳಿಯ ಈಚೆಗೂ ಆಚೆಗೂ ಒಂದೇ ಮನೆತನದವರು. ಒಂದೇ ಕೊಂಕಣಿ, ಒಂದೇ ದೇವರು. ಮದುವೆ, ಜಾತ್ರೆ, ಮೀನು, ತರಕಾರಿ ಎಲ್ಲಕ್ಕೂ ತೊಡಕು.

ಪೋರ್ಚುಗಲ್ ಬಗ್ಗಲಿಲ್ಲ. ಗೋವಾದ ಕಬ್ಬಿಣದ ಅದಿರಿಗೆ ಯುದ್ಧದಿಂದ ಎದ್ದು ನಿಲ್ಲುತ್ತಿದ್ದ ಜಪಾನಿನಲ್ಲಿ ಗಿರಾಕಿ ಸಿಕ್ಕಿತು. ಅದಿರಿನ ಹಣದಲ್ಲಿ ಬೇರೆ ದೇಶಗಳಿಂದ ಹಡಗಿನಲ್ಲಿ ಸರಕು ಬಂತು. ಗಣಿ ಮಾಲೀಕರು ಚೆನ್ನಾಗಿಯೇ ಬೆಳೆದರು. ಗಡಿಯ ಎರಡೂ ಕಡೆ ಕಳ್ಳಸಾಗಣೆ ಒಂದು ಕಸುಬಾಯಿತು. ಕಷ್ಟಪಟ್ಟವರು ಬಡವರು, ಲಿಸ್ಬನ್‌ನಲ್ಲಿ ಕೂತ ಸರ್ವಾಧಿಕಾರಿ ಸಲಜಾರ್ ಅಲ್ಲ.

ಕೊನೆಗೆ 1961ರ ನವೆಂಬರಿನಲ್ಲಿ ಅಂಜುದೀವ್‌ನಿಂದ ಒಂದು ಭಾರತೀಯ ಹಡಗಿನ ಮೇಲೆ, ಆಮೇಲೆ ಮೀನುಗಾರರ ದೋಣಿಯ ಮೇಲೆ ಗುಂಡು ಹಾರಿತು. ಡಿಸೆಂಬರ್ 18, 19ರ ಸೇನಾ ಕಾರ್ಯಾಚರಣೆಯಲ್ಲಿ ಗೋವಾ ಸೇರಿತು. ಅಂಜುದೀವ್ ಇಳಿಯುವಾಗ ನೌಕಾಪಡೆಯ 7 ಜನ ಸತ್ತರು. ಆರು ವರ್ಷದ ದಿಗ್ಬಂಧನ ಮಾಡಲಾಗದ್ದನ್ನು ಸೇನೆ ಎರಡು ದಿನದಲ್ಲಿ ಮಾಡಿತು. ಹಾಗಂತ ಸೇನೆಯೇ ಒಳ್ಳೆಯದು ಎಂದಲ್ಲ. ಸರಕಿಗೆ ಇನ್ನೊಂದು ದಾರಿ ಇರುವವರೆಗೆ ದಿಗ್ಬಂಧನ ಬಿಗಿಯುವುದಿಲ್ಲ, ಅಷ್ಟೇ.

ಇನ್ನೊಂದು ದಾರಿಯೇ ಇಲ್ಲದಂತೆ ಪೂರ್ತಿ ಬಿಗಿ ಮಾಡಿದ್ರೆ?

ಆಗ ಅಪಾಯ ಬೇರೆ. ಜಪಾನ್ ತನ್ನ ಎಣ್ಣೆಯಲ್ಲಿ ನೂರಕ್ಕೆ ಸುಮಾರು 80 ಪಾಲನ್ನು ಅಮೆರಿಕದಿಂದ ತರಿಸುತ್ತಿತ್ತು. 1941ರ ಬೇಸಿಗೆಯಲ್ಲಿ ಅಮೆರಿಕ ಅದನ್ನು ನಿಲ್ಲಿಸಿತು. ಚೀನಾದಿಂದ ಹಿಂದೆ ಸರಿಯುತ್ತಾರೆ ಎಂಬ ಎಣಿಕೆ. ದಾಸ್ತಾನು ಮುಗಿಯುವ ಮೊದಲೇ ಹೊಡೆಯಬೇಕು ಎಂದು ಜಪಾನಿನ ಸೇನೆ ಲೆಕ್ಕ ಹಾಕಿತು. ಡಿಸೆಂಬರ್ 7ಕ್ಕೆ ಪರ್ಲ್ ಹಾರ್ಬರ್. ಅಮೆರಿಕದ ಸಂಶೋಧಕ ಡೇಲ್ ಕೋಪ್‌ಲ್ಯಾಂಡ್ ವಾದ ಇದೇ: ಇವತ್ತು ಎಷ್ಟು ವ್ಯಾಪಾರ ಇದೆ ಎನ್ನುವುದು ಮುಖ್ಯವಲ್ಲ, ನಾಳೆಯೂ ಸಿಗುತ್ತದೆಂಬ ನಂಬಿಕೆ ಇದೆಯಾ ನೋಡಿ. ಆ ನಂಬಿಕೆ ಸತ್ತಾಗ ಅವಲಂಬನೆಯೇ ಯುದ್ಧಕ್ಕೆ ತಳ್ಳುತ್ತದೆ. ನನಗೆ ಇದು ಮಾಂಟೆಸ್ಕ್ಯೂಗಿಂತ ಹೆಚ್ಚು ಸರಿ ಎನಿಸುತ್ತದೆ.

ಪಾಕಿಸ್ತಾನದ ಜೊತೆ ವ್ಯಾಪಾರ ಮಾಡ್ತಾ ಇದ್ದಿದ್ರೆ ಇಷ್ಟು ಜಗಳ ಇರ್ತಿತ್ತಾ?

ಶುರುವಿನಲ್ಲಿ ಬೇಕಾದಷ್ಟು ವ್ಯಾಪಾರ ಇತ್ತು. ವಿಭಜನೆಯಾದ ಹೊಸತರಲ್ಲಿ ಪಾಕಿಸ್ತಾನದ ರಫ್ತಿನ ಅರ್ಧಕ್ಕೂ ಹೆಚ್ಚು ಭಾರತಕ್ಕೇ ಬರುತ್ತಿತ್ತು. ಸೆಣಬು ಅಲ್ಲಿ, ಗಿರಣಿ ಇಲ್ಲಿ. ಆದರೂ ಕಾಶ್ಮೀರದ ಯುದ್ಧ ನಿಲ್ಲಲಿಲ್ಲ. 1949ರಲ್ಲಿ ಭಾರತ ರೂಪಾಯಿ ಬೆಲೆ ಇಳಿಸಿತು, ಪಾಕಿಸ್ತಾನ ಇಳಿಸಲಿಲ್ಲ, ಆ ಜಗಳದಲ್ಲಿ ವ್ಯಾಪಾರ ಕುಸಿಯಿತು. 1965ರ ಯುದ್ಧದಲ್ಲಿ ಪೂರ್ತಿ ನಿಂತಿತು. 1996ರಲ್ಲಿ ಭಾರತ ಕೊಟ್ಟ ಪರಮಾಪ್ತ ರಾಷ್ಟ್ರದ ಸ್ಥಾನವನ್ನು (ಬೇರೆ ದೇಶಗಳಿಗೆ ಇರುವಷ್ಟೇ ಸುಂಕ ಎಂಬ ಸೌಲಭ್ಯ) 2019ರ ಪುಲ್ವಾಮ ದಾಳಿಯ ಬಳಿಕ ಹಿಂದೆ ಪಡೆದು 200 ಶೇಕಡಾ ಸುಂಕ ಹಾಕಿತು. 2025ರ ಮೇ ತಿಂಗಳಲ್ಲಿ ಆಮದನ್ನು ಪೂರ್ತಿ ನಿಷೇಧಿಸಿತು.

ಇಲ್ಲಿ ವ್ಯಾಪಾರ ಜಗಳದ ಹಿಂದೆ ಹಿಂದೆ ಓಡಿದೆ, ಎಂದೂ ಮುಂದೆ ಹೋಗಿಲ್ಲ. ಅಲ್ಲಿನ ತೀರ್ಮಾನಗಳಲ್ಲಿ ಸೇನೆಯ ಮಾತು ನಡೆಯುತ್ತದೆ. ಲಾಹೋರಿನ ವರ್ತಕನ ನಷ್ಟ ಆ ಲೆಕ್ಕದಲ್ಲಿ ಬರುವುದು ಕಡಿಮೆ.

ಗಲ್ವಾನ್ ಆದ್ಮೇಲೂ ಚೀನಾ ಮಾಲು ಬರ್ತಾನೇ ಇದೆ. ಇದು ಶಾಂತಿನಾ, ಸೋಲಾ?

ಎರಡೂ ಅಲ್ಲ. 2020ರ ಜೂನ್‌ನಲ್ಲಿ ಲಡಾಖಿನ ಗಲ್ವಾನ್ ಕಣಿವೆಯಲ್ಲಿ ಚೀನಾ ಸೇನೆಯ ಜೊತೆಗಿನ ಕಾದಾಟದಲ್ಲಿ ನಮ್ಮ 20 ಸೈನಿಕರು ಸತ್ತರು. 2021ರಲ್ಲಿ ಎರಡು ದೇಶಗಳ ವ್ಯಾಪಾರ ಚೀನಾದ ಲೆಕ್ಕದಲ್ಲಿ 125 ಶತಕೋಟಿ ಡಾಲರ್ ದಾಟಿತು. ಎರಡು ಸಾವಿರದ ದಶಕದಲ್ಲಿ ಬಳ್ಳಾರಿಯ ಅದಿರು ಲಾರಿಗಟ್ಟಲೆ ಅರಬೈಲ್ ಘಾಟಿ ಇಳಿದು ಬೇಲೇಕೇರಿ, ಕಾರವಾರದಿಂದ ಹಡಗು ಹತ್ತುತ್ತಿತ್ತು, ಹೆಚ್ಚಿನದು ಚೀನಾಕ್ಕೆ. ಧೂಳು ಕುಡಿದವರು ಯಲ್ಲಾಪುರ, ಅಂಕೋಲಾದ ರಸ್ತೆ ಬದಿಯವರು. (ಅದರಲ್ಲಿ ಎಷ್ಟು ಅಕ್ರಮ ಎನ್ನುವುದು ಲೋಕಾಯುಕ್ತ ವರದಿಯ ವಿಷಯ.) ನಾವು ಅದಿರು ಕೊಟ್ಟೆವು, ಅವರು ಯಂತ್ರ, ಬಿಡಿಭಾಗ, ಔಷಧಿಯ ಕಚ್ಚಾವಸ್ತು ಕೊಡುತ್ತಿದ್ದಾರೆ. ಅದಿರಿಗೆ ಬೇರೆ ಗಣಿ ಹುಡುಕಬಹುದು. ಬಿಡಿಭಾಗಕ್ಕೆ ಬೇರೆ ಕಾರ್ಖಾನೆ ಕಟ್ಟಲು ವರ್ಷಗಳು ಬೇಕು. ಯಾರು ಯಾರನ್ನು ಜಾಸ್ತಿ ನೆಚ್ಚಿದ್ದಾರೆ ಎಂಬುದನ್ನು ನೋಡಬೇಕು, ಒಟ್ಟು ಮೊತ್ತವನ್ನಲ್ಲ.

ಸುಂಕದ ಜಗಳವನ್ನೂ ಟ್ರೇಡ್ ವಾರ್ ಅಂತಾರೆ. ಅದು ಯುದ್ಧಕ್ಕೆ ಮೊದಲ ಮೆಟ್ಟಿಲಾ?

ಸಾಮಾನ್ಯವಾಗಿ ಅಲ್ಲ. 2025ರ ಆಗಸ್ಟ್‌ನಲ್ಲಿ ಅಮೆರಿಕ ಭಾರತದ ಸರಕಿಗೆ ಒಟ್ಟು 50 ಶೇಕಡಾ ಸುಂಕ ಹಾಕಿದಾಗ ಸಿಗಡಿ ಕಳಿಸುವವರು ಕಂಗಾಲಾದರು. ಯಾರೂ ಹಡಗು ಮುಳುಗಿಸಲಿಲ್ಲ.

## ಇನ್ನಷ್ಟು ಆಳಕ್ಕೆ

ಫ್ರಾನ್ಸ್ ಜರ್ಮನಿ ಜಗಳ ನಿಂತದ್ದು ವ್ಯಾಪಾರದಿಂದಲೇ ಅಲ್ವಾ?

ಬರೀ ವ್ಯಾಪಾರದಿಂದ ಅಲ್ಲ. 1950ರ ಮೇ 9ರಂದು ಫ್ರಾನ್ಸಿನ ವಿದೇಶಾಂಗ ಮಂತ್ರಿ ಷೂಮನ್ ಒಂದು ಯೋಜನೆ ಮುಂದಿಟ್ಟ. ಎರಡೂ ದೇಶಗಳ ಕಲ್ಲಿದ್ದಲು ಮತ್ತು ಉಕ್ಕು ಒಂದೇ ಮಂಡಳಿಯ ಕೆಳಗೆ ಬರಲಿ ಎಂದ. ಫಿರಂಗಿಗೆ ಬೇಕಾದದ್ದು ಇವೆರಡೇ. 1951ರಲ್ಲಿ ಆರು ದೇಶಗಳು ಸಹಿ ಹಾಕಿದವು. ಗುಟ್ಟಾಗಿ ಸೇನೆ ಕಟ್ಟಲು ಹೋದರೆ ಪಕ್ಕದವನಿಗೆ ಉಕ್ಕಿನ ಲೆಕ್ಕದಲ್ಲೇ ಗೊತ್ತಾಗುತ್ತದೆ.

ಇದರ ಜೊತೆ ಅಮೆರಿಕದ ಹಣ, ಅಮೆರಿಕದ ಸೇನೆ, ಸೋವಿಯತ್ ಹೆದರಿಕೆ ಎಲ್ಲವೂ ಇತ್ತು. ಜಗಳ ಬಂದಾಗ ಕೂತು ಬಗೆಹರಿಸುವ ಕಚೇರಿ, ಕೋರ್ಟು ಇತ್ತು. ದಕ್ಷಿಣ ಏಷ್ಯಾದ ಸಾರ್ಕ್ ದೇಶಗಳ ಮುಕ್ತ ವ್ಯಾಪಾರ ಒಪ್ಪಂದ 2006ರಿಂದ ಜಾರಿಯಲ್ಲಿದೆ, ಆದರೆ ಅದಕ್ಕೆ ಅಂಥ ಬಲದ ಕಚೇರಿ ಇಲ್ಲ. ಸುಂಕ ಇಳಿಸುವುದು ಸುಲಭ. ತಂಟೆ ಬಗೆಹರಿಸುವ ಅಧಿಕಾರ ಬಿಟ್ಟುಕೊಡುವುದು ಕಷ್ಟ.

ಯುದ್ಧ ನಡೀತಿರುವಾಗ್ಲೇ ಶತ್ರು ಜೊತೆ ವ್ಯಾಪಾರ ಮಾಡ್ತಾರಾ?

ಮಾಡುತ್ತಾರೆ, ಧಾರಾಳವಾಗಿ. ರಷ್ಯಾದ ಗ್ಯಾಸ್ ಉಕ್ರೇನಿನ ಕೊಳವೆಯಲ್ಲೇ ಯುರೋಪಿಗೆ ಹೋಗುತ್ತಿತ್ತು. 2022ರಲ್ಲಿ ಕ್ಷಿಪಣಿ ಬೀಳಲು ಶುರುವಾದ ಮೇಲೂ ಅದು ಹರಿಯುತ್ತಿತ್ತು, ರಷ್ಯಾ ಸಾಗಣೆ ಶುಲ್ಕ ಕಟ್ಟುತ್ತಿತ್ತು. ನಿಂತದ್ದು 2025ರ ಜನವರಿ 1ಕ್ಕೆ, ಕರಾರು ಮುಗಿದಾಗ. ಓದಿದರೆ ನಗು ಬರುತ್ತದೆ, ಆದರೆ ಎರಡೂ ಕಡೆಗೆ ಆ ಹಣ ಬೇಕಿತ್ತು.

ಸಂಶೋಧನೆ ಮಾಡಿದವರು ಒಂದು ತೀರ್ಮಾನಕ್ಕೆ ಬಂದಿದ್ದಾರಾ?

ಪೂರ್ತಿ ಇಲ್ಲ. ಬಹಳ ಅಧ್ಯಯನಗಳು ವ್ಯಾಪಾರ ಶಾಂತಿಗೆ ಸ್ವಲ್ಪ ಒಳ್ಳೆಯದು ಎನ್ನುತ್ತವೆ. ಕ್ಯಾಥರೀನ್ ಬಾರ್ಬಿಯೇರಿ 1990ರ ದಶಕದಲ್ಲೇ ಉಲ್ಟಾ ವಾದ ಮಂಡಿಸಿದರು: ಹತ್ತಿರದ ಕೊಡುಕೊಳ್ಳುವಿಕೆ ಜಗಳಕ್ಕೂ ಅವಕಾಶ ಕೊಡುತ್ತದೆ. ನನಗೆ ಹೆಚ್ಚು ಕುತೂಹಲದ್ದು ಮಾರ್ಟಿನ್, ಮೇಯರ್, ತೋನಿಗ್ ಎಂಬ ಮೂವರು ಅರ್ಥಶಾಸ್ತ್ರಜ್ಞರು 2008ರಲ್ಲಿ ತೋರಿಸಿದ್ದು. ಎರಡು ದೇಶಗಳ ನಡುವೆ ನೇರ ವ್ಯಾಪಾರ ಜಾಸ್ತಿಯಾದರೆ ಅವು ಕಾದಾಡುವ ಸಾಧ್ಯತೆ ತಗ್ಗುತ್ತದೆ. ಆದರೆ ಇಡೀ ಜಗತ್ತಿನ ಜೊತೆ ವ್ಯಾಪಾರ ಜಾಸ್ತಿಯಾದರೆ ಪಕ್ಕದವನ ಹಂಗು ಕಡಿಮೆಯಾಗುತ್ತದೆ, ಅವನ ಜೊತೆ ಕಾದಾಡುವುದು ಅಗ್ಗವಾಗುತ್ತದೆ. ದಿಗ್ಬಂಧನದ ಕಾಲದ ಗೋವಾವನ್ನು ಈ ಕಣ್ಣಿನಿಂದ ನೋಡಿ. ಜಪಾನಿನ ಗಿರಾಕಿ ಸಿಕ್ಕ ಮೇಲೆ ಭಾರತದ ಜೊತೆ ರಾಜಿ ಮಾಡಿಕೊಳ್ಳುವ ತುರ್ತು ಪೋರ್ಚುಗೀಸರಿಗೆ ಉಳಿಯಲಿಲ್ಲ.

ನೆರೆ ದೇಶದ ಸ್ನೇಹಕ್ಕೆ ನಮ್ಮ ಅಡಿಕೆಯನ್ನೇ ಯಾಕೆ ಬಲಿ ಕೊಡಬೇಕು?

ಶಿರಸಿ, ಸಿದ್ದಾಪುರದಲ್ಲಿ ಇದು ತಪ್ಪದೆ ಬರುವ ಪ್ರಶ್ನೆ. ಕೇಳುವವರ ಸಿಟ್ಟಿನಲ್ಲಿ ಅರ್ಥವಿದೆ. ಹೊರಗಿನ ಅಡಿಕೆಗೆ ದೊಡ್ಡ ಸುಂಕವಿದೆ. 2023ರ ಫೆಬ್ರವರಿಯಲ್ಲಿ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿದರು. ಆದರೆ 2022ರಲ್ಲಿ ಭೂತಾನದಿಂದ ವರ್ಷಕ್ಕೆ 17 ಸಾವಿರ ಟನ್ ಹಸಿ ಅಡಿಕೆಯನ್ನು ಆ ಬೆಲೆಯ ಷರತ್ತಿಲ್ಲದೆ ತರಲು ಬಿಟ್ಟರು. ದೇಶದ ಒಟ್ಟು ಬೆಳೆಗೆ ಹೋಲಿಸಿದರೆ ಅದು ಚಿಕ್ಕದು. ಆದರೂ ಸುದ್ದಿ ಬಂದ ದಿನ ಅಡಿಕೆ ಹರಾಜಿನ ಟೆಂಡರಿನಲ್ಲಿ ಕೂತವರ ಮುಖ ನೋಡಬೇಕಿತ್ತು. ಇನ್ನು ಮ್ಯಾನ್ಮಾರ್ ಗಡಿಯಿಂದ ಕದ್ದು ಬರುವ ಮಾಲಿಗೆ ಯಾವ ಒಪ್ಪಂದವೂ ಲೆಕ್ಕಕ್ಕಿಲ್ಲ.

ಭೂತಾನ ನಮ್ಮ ಜೊತೆಗೇ ಇರಬೇಕು ಎನ್ನುವುದು ದೇಶದ ಲಾಭ, ಅದೂ ಭೂತಾನದ ಗಡಿಯ ಡೋಕ್ಲಾಮ್‌ನಲ್ಲಿ ಭಾರತ, ಚೀನಾ ಸೇನೆಗಳು ಎದುರುಬದುರು ನಿಂತ ಮೇಲೆ. ಅದನ್ನು ನಾನು ಒಪ್ಪುತ್ತೇನೆ. ಆ ಲಾಭ ಎಲ್ಲರದಾದರೆ ಖರ್ಚೂ ಎಲ್ಲರದಾಗಬೇಕು. ಚಾಲಿ, ರಾಶಿ ಅಡಿಕೆ ಮಾರುವವನ ಮೇಲೆ ಮಾತ್ರ ಹೊರೆ ಹಾಕಿದರೆ ಅವನು ಒಪ್ಪಂದವನ್ನೇ ದ್ವೇಷಿಸುತ್ತಾನೆ. ಬ್ರಿಟನ್, ಅಮೆರಿಕದಲ್ಲಿ ಮುಚ್ಚಿದ ಕಾರ್ಖಾನೆಗಳ ಊರುಗಳು ಇದನ್ನೇ ಮತಪೆಟ್ಟಿಗೆಯಲ್ಲಿ ಹೇಳಿದವು. ಬೆಲೆ ಕುಸಿದ ವರ್ಷಕ್ಕೆ ನೇರ ಪರಿಹಾರ ಕೊಡುವ ವ್ಯವಸ್ಥೆಯನ್ನು ಒಪ್ಪಂದದ ಜೊತೆಯಲ್ಲೇ ಬರೆಯಬೇಕು ಎಂಬುದು ನನ್ನ ಮಾತು. ಸಹಕಾರಿ ಸೊಸೈಟಿಗಳ ಹತ್ತಿರ ಮಾರಾಟದ ಲೆಕ್ಕ ಇರುವುದರಿಂದ ಅದು ಅಸಾಧ್ಯವೇನಲ್ಲ.

ಕಾರವಾರದ ನೌಕಾನೆಲೆ ಸೀಬರ್ಡ್ ಇರೋದ್ರಿಂದ ನಮ್ಮ ವ್ಯಾಪಾರಕ್ಕೆ ರಕ್ಷಣೆ ಅಲ್ವಾ? ಮತ್ತೆ ಊರಿಗೆ ಏನು ಬಂತು?

ರಕ್ಷಣೆಯ ಮಾತು ನಿಜ. 2023ರ ಕೊನೆಯಲ್ಲಿ ಯೆಮೆನ್‌ನ ಹೂತಿ ಬಂಡುಕೋರರು ಕೆಂಪು ಸಮುದ್ರದಲ್ಲಿ ಹಡಗುಗಳನ್ನು ಹೊಡೆಯಲು ಶುರು ಮಾಡಿದರು. ಹಡಗುಗಳು ಆಫ್ರಿಕಾ ಸುತ್ತಿ ಹೋದವು, ಬಾಡಿಗೆ ಮತ್ತು ವಿಮೆ ಏರಿದವು. ಸೊಮಾಲಿಯಾದ ಕಡಲ್ಗಳ್ಳರೂ ಎದ್ದರು. 2024ರ ಮಾರ್ಚ್‌ನಲ್ಲಿ ನಮ್ಮ ನೌಕಾಪಡೆ ಅಪಹರಣವಾಗಿದ್ದ ಒಂದು ಹಡಗಿನಿಂದ 17 ಜನರನ್ನು ಬಿಡಿಸಿ 35 ಕಡಲ್ಗಳ್ಳರನ್ನು ಹಿಡಿಯಿತು. ಇಂಥ ಕೆಲಸಕ್ಕೆ ನೆಲೆಗಳು ಬೇಕು.

ಊರಿನ ಲೆಕ್ಕ ಬೇರೆ. 1986ರಲ್ಲಿ ರಾಜೀವ್ ಗಾಂಧಿ ಅಡಿಗಲ್ಲು ಹಾಕಿದರು, 2005ರಲ್ಲಿ ಐಎನ್‌ಎಸ್ ಕದಂಬ ಎಂಬ ಹೆಸರಿನಲ್ಲಿ ನೆಲೆ ಶುರುವಾಯಿತು. ಕಾರವಾರ, ಅಂಕೋಲಾ ತಾಲೂಕಿನ ಸಾವಿರಾರು ಕುಟುಂಬಗಳು ಮನೆ, ಗದ್ದೆ, ದಡ ಬಿಟ್ಟುಕೊಟ್ಟವು. ಪರಿಹಾರದ ಹಣಕ್ಕೆ ದಶಕಗಟ್ಟಲೆ ಕೋರ್ಟು ಅಲೆದರು. ಸಮುದ್ರದ ದಾರಿ ಸುರಕ್ಷಿತವಾದ ಲಾಭ ಮುಂಬಯಿ, ಮುಂದ್ರಾದಿಂದ ಸರಕು ಕಳಿಸುವವರಿಗೆ ಹೆಚ್ಚು. ಪಕ್ಕದ ಬೈತಖೋಲಿನ ವಾಣಿಜ್ಯ ಬಂದರು ಚಿಕ್ಕದಾಗಿಯೇ ಉಳಿದಿದೆ. ಅದನ್ನು ಹಿಗ್ಗಿಸಲು ಹೊರಟಾಗ, 2020ರ ಆರಂಭದಲ್ಲಿ, ಮೀನುಗಾರರು ಟ್ಯಾಗೋರ್ ಬೀಚಿಗೆ ಇಳಿದು ತಡೆದರು. ಅಲೆತಡೆ ಗೋಡೆ ಬಂದರೆ ದೋಣಿ ಎಳೆದಿಡಲು ಉಳಿದ ದಡವೂ ಹೋಗುತ್ತದೆ ಎಂಬುದು ಅವರ ತಕರಾರು. ನೌಕಾನೆಲೆಗೆ ದಡ ಕೊಟ್ಟವರನ್ನು ನೋಡಿದವರು ಎರಡನೇ ಸಲ ಸುಮ್ಮನೆ ಕೊಡುತ್ತಾರಾ?